ಸುಣ್ಣದ ಗೋಡೆಗೆ ಸಿಮೆಂಟು

ಆ ಮನೆಯನ್ನು ಕೊಳೆಸಿದ್ದು ಡಾಕ್ಟರೇ. ಅದನ್ನು ಇಂಗ್ಲೆಂಡಿನ ಮಳೆಯ ಮೇಲೆ ಹಾಕುವುದು ಬೇಡ. ಮಳೆ ಅಲ್ಲಿ ಇನ್ನೂರು ವರ್ಷದಿಂದ ಸುರಿಯುತ್ತಿತ್ತು, ಮನೆ ನಿಂತೇ ಇತ್ತು. ಡಾಕ್ಟರು ಕರಣೆ ಹಿಡಿದ ಮೂರೇ ವರ್ಷಕ್ಕೆ ಅದರ ಗೋಡೆಗಳು ಒಳಗಿನಿಂದ ಬೆವರತೊಡಗಿದವು. ಅವರು ಮಾಡುತ್ತಿದ್ದದ್ದು ತಪ್ಪು ಕೆಲಸವೆಂದು ಇಬ್ಬರು ಹೆಂಗಸರಿಗೆ ಗೊತ್ತಿತ್ತು. ಒಬ್ಬರು ಅವರ ಹೆಂಡತಿ. ಇನ್ನೊಬ್ಬಳು ನಾನು. ಇಬ್ಬರೂ ಬಾಯಿ ಮುಚ್ಚಿಕೊಂಡಿದ್ದೆವು.

ಹೋದ ತಿಂಗಳು ಡಾಕ್ಟರು ತೀರಿಕೊಂಡರು. ಇಲ್ಲಿನ ಕನ್ನಡದವರೆಲ್ಲ ಸೇರಿ ಮಾತಾಡಿದರು. ಎಷ್ಟೋ ಜನರನ್ನು ಮಲಗಿಸಿ ಎಬ್ಬಿಸಿದ ಕೈ ಎಂದು ಹೊಗಳಿದರು. ಅವರು ಆಪರೇಷನ್ನಿಗೆ ಮುಂಚೆ ಪ್ರಜ್ಞೆ ತಪ್ಪಿಸುವ ಡಾಕ್ಟರಾಗಿದ್ದರಂತೆ. ಇರಬಹುದು. ಅವರ ಆಸ್ಪತ್ರೆಯನ್ನು ನಾನು ನೋಡಿಲ್ಲ. ನಾನು ನೋಡಿದ್ದು ಅವರು ರಿಟೈರ್ ಆದ ಮೇಲೆ, ಎಲೆ ಕೆಂಪಾಗುವ ಕಾಲದಲ್ಲಿ, ಗಾರೆ ಮೆತ್ತಿಕೊಂಡ ಸ್ವೆಟರಿನಲ್ಲಿ.

ಲಂಡನ್ನಿನಲ್ಲಿ ಒಲಿಂಪಿಕ್ಸ್ ನಡೆದ ವರ್ಷ ನಾನು ಇಂಗ್ಲೆಂಡಿನ ಸೊಲಿಹಲ್ ಎಂಬ ಊರಿಗೆ ಬಂದೆ. ಮಗಳಿಗೂ ಅಳಿಯನಿಗೂ ಆಸ್ಪತ್ರೆಯಲ್ಲಿ ಸರದಿ ಡ್ಯೂಟಿ. ಒಬ್ಬರು ಬಂದಾಗ ಇನ್ನೊಬ್ಬರು ಹೊರಡುತ್ತಿದ್ದರು. ಮೊಮ್ಮಗನನ್ನು ನೋಡಿಕೊಳ್ಳಲು ನನ್ನನ್ನು ಕರೆಸಿಕೊಂಡರು. ಡಾಕ್ಟರ ಮನೆ ನಮ್ಮ ಮನೆಯಿಂದ ಎರಡು ರಸ್ತೆ ಆಚೆ. ಮೊದಲ ಸಲ ನಮ್ಮ ಮನೆಗೆ ಬಂದವರು ಕುರ್ಚಿಯಲ್ಲಿ ಕೂರುವ ಮುಂಚೆ ಮುಂದಿನ ಕೋಣೆಯ ಗೋಡೆಯ ಮೇಲೆ ಎಡಗೈ ಬೆರಳಿಟ್ಟು ಅದರ ಮೇಲೆ ಬಲಗೈ ಬೆರಳಿನಿಂದ ಟಕಟಕ ಬಡಿದರು. ರೋಗಿಯ ಎದೆ ಬಡಿದು ನೋಡುವ ಹಾಗೆ.

"ಪೊಳ್ಳು," ಎಂದರು. "ಬರೇ ರಟ್ಟಿನ ಗ್ವಾಡಿ. ಇಂಥಾದಕ್ಕ ಮೂವತ್ತು ವರ್ಷ ಮಾರ್ಟ್‌ಗೇಜ್ ಕಟ್ಟತಾರ ನೋಡ್ರಿ ಅವ್ವಾರ."

ಹುಬ್ಬಳ್ಳಿ ಕಡೆಯವರು. ಉಳಿದವರ ಹತ್ತಿರ ಬೆಂಗಳೂರಿನವರ ಹಾಗೆ ಮಾತಾಡುತ್ತಿದ್ದರು. ಹೆಂಡತಿಯ ಹತ್ತಿರ, ನನ್ನ ಹತ್ತಿರ ಮಾತ್ರ ಅವರ ಊರಿನ ಮಾತು. ನಾನು ನಂಜನಗೂಡಿನವಳು, ನನಗೆ ಅರ್ಧ ಅರ್ಥವಾಗುತ್ತಿರಲಿಲ್ಲ. ಅದು ಅವರಿಗೆ ಲೆಕ್ಕಕ್ಕಿರಲಿಲ್ಲ. ವಯಸ್ಸಾದ ಹೆಂಗಸು ಅಂದರೆ ಅವ್ವ, ಅವ್ವನ ಹತ್ತಿರ ಆಡುವುದು ಆ ಭಾಷೆ, ಅಷ್ಟೆ. ನನಗಿಂತ ಅವರೇನೂ ಬಹಳ ಚಿಕ್ಕವರಲ್ಲ.

ಅವರ ಮನೆ ಎಂದು ನಾನು ಹೇಳುತ್ತಿರುವುದು ಸೊಲಿಹಲ್‌ನದಲ್ಲ. ಡರ್ಬಿಶೈರ್ ಬೆಟ್ಟದ ಕಡೆ, ಕಾರಿನಲ್ಲಿ ಒಂದೂವರೆ ಗಂಟೆ ಹೋದರೆ, ಒಂದು ಕಾಡಿನ ಅಂಚಿನಲ್ಲಿ ಅವರು ಕೊಂಡ ಹಳೆಯ ಕಲ್ಲಿನ ಮನೆ. ಕೆಳಗೆ ಎರಡು ಕೋಣೆ, ಮೇಲೆ ಎರಡು. ಅದನ್ನು ಹುಡುಕಿದ್ದು ಅವರ ಹೆಂಡತಿ. ಆಕೆ ಇಲ್ಲಿನ ಲೈಬ್ರರಿಯೊಂದರಲ್ಲಿ ಕೆಲಸಕ್ಕಿದ್ದರು. ಡಾಕ್ಟರು ಡ್ಯೂಟಿ ಡ್ಯೂಟಿ ಎಂದು ಓಡಾಡುತ್ತಿದ್ದ ಕಾಲದಲ್ಲಿ ಆಕೆ ಮ್ಯಾಪು ಹಿಡಿದುಕೊಂಡು ಒಬ್ಬರೇ ಕಾಡು ಸುತ್ತುತ್ತಿದ್ದರಂತೆ. ರಿಟೈರ್ ಆದ ಮೇಲೆ ಇಬ್ಬರೂ ಆ ಮನೆಯಲ್ಲೇ ಇರೋಣ ಎಂದು ಮಾತಾಗಿತ್ತು. ಡಾಕ್ಟರು ರಿಟೈರ್ ಆದ ವರ್ಷವೇ ಆಕೆಯ ಶ್ವಾಸಕೋಶ ಗಟ್ಟಿಯಾಗುವ ರೋಗ ಗೊತ್ತಾಯಿತು. ಸ್ಪಂಜು ಒಣಗಿ ಕಟ್ಟಿಗೆಯಾದ ಹಾಗೆ, ಅಂತ ಮಗಳು ನನಗೆ ಬಿಡಿಸಿ ಹೇಳಿದಳು. ಅದಕ್ಕೆ ಮದ್ದಿಲ್ಲ. ತೇವ, ಬೂಷ್ಟು ಇರುವ ಕಡೆ ಆಕೆ ಒಂದು ರಾತ್ರಿಯೂ ಮಲಗುವಂತಿಲ್ಲ ಎಂದು ಎದೆಯ ಡಾಕ್ಟರು ಹೇಳಿದ್ದರು. ಮನೆ ಪೂರ್ತಿ ಒಣಗಿದ್ದರೆ ಇರಬಹುದು.

ಅಲ್ಲಿಂದ ಶುರು. ಡಾಕ್ಟರು ಮನೆ ಒಣಗಿಸಲು ಹೊರಟರು.

ಸೆಪ್ಟೆಂಬರ್ ಬಂತೆಂದರೆ ಶನಿವಾರ ಭಾನುವಾರ ಅವರ ಕಾರು ಆ ಕಡೆಗೆ. ನಡುವಾರದಲ್ಲೂ ಹೋಗುತ್ತಿದ್ದರು. ಭಾನುವಾರ ಮಾತ್ರ ಜೊತೆಗೆ ಜನ. ಲಫ್‌ಬರೋ ಯೂನಿವರ್ಸಿಟಿಯಲ್ಲಿ ಓದುತ್ತಿದ್ದ ನಮ್ಮ ಕಡೆಯ ಹುಡುಗ ಹುಡುಗಿಯರು, ರಜ ಸಿಕ್ಕರೆ ಮಗಳು ಅಳಿಯ, ಅವರ ಜೊತೆ ನಾನು. ಬೆಳಿಗ್ಗೆ ಕಾಡು ಸುತ್ತುವುದು, ಮಧ್ಯಾಹ್ನ ಅವಲಕ್ಕಿ ತಿನ್ನುವುದು, ಆಮೇಲೆ ಮನೆ ಕೆಲಸ. ಒಬ್ಬ ಕಿಟಕಿ ಉಜ್ಜಬೇಕು, ಒಬ್ಬ ಸೌದೆ ಜೋಡಿಸಬೇಕು. ಊಟ ಹಾಕಿ ದುಡಿಸಿಕೊಳ್ಳುವ ಬುದ್ಧಿ ಅವರಿಗೆ ಚೆನ್ನಾಗಿತ್ತು.

ಕಾಡಿನಲ್ಲಿ ಅವರದೊಂದು ಕಾನೂನು. ಗೇಟು ದಾಟಿದ ಮೇಲೆ ವೀಸಾ ಮಾತಾಡಬಾರದು. ಮಾತಾಡಿದವರು ಎಲ್ಲರ ಬುತ್ತಿಚೀಲ ಹೊರಬೇಕು.

"ಅಂಕಲ್, ಜಾಬ್ ಬಗ್ಗೆ ಮಾತಾಡಬಹುದಾ?" ಎಂದು ಶಿವಮೊಗ್ಗದ ಹುಡುಗಿಯೊಬ್ಬಳು ಕೇಳಿದಳು.

"ಅದೂ ವೀಸಾನೇ. ತಗೋ, ಚೀಲ ಹಿಡಿ."

"ಮದುವೆ ಬಗ್ಗೆ?"

"ಅದಂತೂ ದೊಡ್ಡ ವೀಸಾ. ಎರಡು ಚೀಲ."

ಹುಡುಗರು ನಕ್ಕು ನಕ್ಕು ಎಲೆಯ ಮೇಲೆ ಜಾರುತ್ತಿದ್ದರು. ಅಲ್ಲಿ ಎಲೆ ಬಿದ್ದಿರುವುದು ಒಂದೆರಡಲ್ಲ, ಮೊಣಕಾಲು ಮಟ್ಟ. ನಾನು ಸೀರೆ ಎತ್ತಿ ಕಟ್ಟಿ, ಅಳಿಯನ ಗಂಬೂಟು ಹಾಕಿಕೊಂಡು ಹಿಂದೆ ಹಿಂದೆ ಹೋಗುತ್ತಿದ್ದೆ. ಒಂದು ಹಕ್ಕಿಯ ಸದ್ದೂ ಇಲ್ಲದೆ ಬರೀ ಎಲೆ ಬೀಳುವ ಸದ್ದು ಕೇಳುವ ಜಾಗವೊಂದಿತ್ತು. ಅಲ್ಲಿ ಡಾಕ್ಟರು ಎಲ್ಲರನ್ನೂ ನಿಲ್ಲಿಸಿ ಬಾಯಿ ಮುಚ್ಚಿಸುತ್ತಿದ್ದರು. ಎರಡು ನಿಮಿಷವಾದ ಮೇಲೆ ಫೋನು ತೆಗೆದು ಹೆಂಡತಿಗೆ, "ನಿನ್ನ ಜಾಗಕ್ಕ ಬಂದೀವಿ, ಕೇಳ," ಎಂದು ಫೋನನ್ನು ಗಾಳಿಯಲ್ಲಿ ಎತ್ತಿ ಹಿಡಿಯುತ್ತಿದ್ದರು. ಆ ಕಡೆ ಆಕೆಗೆ ಏನು ಕೇಳುತ್ತಿತ್ತೋ. ನನಗೆ ಅದು ಹುಚ್ಚಾಟದ ಹಾಗೆ ಕಾಣುತ್ತಿತ್ತು. ಆದರೂ ಆ ಕಾಡು ನನಗೆ ಹಿಡಿಸಿತು ಎನ್ನಬೇಕು. ನಡೆದ ಮೇಲೆ ಕಾಲು ನೋಯುತ್ತಿತ್ತು, ನಿದ್ದೆ ಬರುತ್ತಿತ್ತು. ಸೊಲಿಹಲ್‌ನಲ್ಲಿ ಎರಡೂ ಇರಲಿಲ್ಲ.

ಮೊದಲ ವರ್ಷವೇ ನಾನು ಆ ಗೋಡೆ ನೋಡಿದೆ. ಹಳೆಯ ಕಲ್ಲು, ಸಂದಿನಲ್ಲಿ ಸುಣ್ಣದ ಗಾರೆ. ಗಾರೆ ಅಲ್ಲಲ್ಲಿ ಉದುರಿ ಪುಡಿಯಾಗಿತ್ತು. ಡಾಕ್ಟರು ಆ ಸುಣ್ಣವನ್ನೆಲ್ಲ ಕೆರೆದು ತೆಗೆದು ಸಂದಿಗೆ ಸಿಮೆಂಟು ತುಂಬುತ್ತಿದ್ದರು. ಒಳಗಡೆ ಗೋಡೆಗೂ ಸಿಮೆಂಟಿನ ಗಾರೆ ಬಳಿದು, ಅದರ ಮೇಲೆ ನೀರು ಇಳಿಯದ ಬಣ್ಣ ಹೊಡೆದಿದ್ದರು.

ನನ್ನಪ್ಪ ಗಾರೆ ಕೆಲಸದವನು. ಕಲ್ಲಿನ ಗಾಣದಲ್ಲಿ ಎತ್ತು ಕಟ್ಟಿ ಸುಣ್ಣ ಮರಳು ಅರೆಸಿ, ಬೆಲ್ಲದ ನೀರು ಬೆರೆಸಿ ಗಾರೆ ಮಾಡುತ್ತಿದ್ದ. ನಾಲ್ಕನೇ ಕ್ಲಾಸಿಗೆ ನನ್ನನ್ನು ಬಿಡಿಸಿ ಆ ಎತ್ತು ಹೊಡೆಯಲು ಹಾಕಿದ. ಓದು ಬರಲಿಲ್ಲ, ಗಾರೆ ಬಂತು. ಸುಣ್ಣದ ಗೋಡೆ ನೀರು ಕುಡಿಯುತ್ತದೆ, ಬಿಸಿಲು ಗಾಳಿಗೆ ಬಿಟ್ಟುಕೊಡುತ್ತದೆ. ಅದರ ಮೇಲೆ ಸಿಮೆಂಟು ಬಳಿದರೆ ಕುಡಿದ ನೀರು ಒಳಗೇ ನಿಲ್ಲುತ್ತದೆ. ಇದರಲ್ಲಿ ವಿದ್ಯೆ ಏನೂ ಇಲ್ಲ, ನೋಡಿದವರಿಗೆ ಗೊತ್ತಾಗುತ್ತದೆ.

"ಡಾಕ್ಟ್ರೇ, ಇದು ಸುಣ್ಣದ ಗೋಡೆ. ಸಿಮೆಂಟು ಹಾಕ್ಬೇಡಿ. ನೀರು ಒಳಗೆ ಕೂತ್ಕೊಳ್ಳುತ್ತೆ."

ಅವರು ಕರಣೆ ಕೆಳಗಿಡಲೂ ಇಲ್ಲ. "ಅವ್ವಾರ, ನಾ ಸಣ್ಣಾಂವ ಇದ್ದಾಗ ನಮ್ಮದು ಮಣ್ಣಿನ ಗ್ವಾಡಿ. ಮಳಿಗಾಲ ಬಂತಂದ್ರ ಒಂದು ಮೂಲಿ ಕುಸೀತಿತ್ತು. ನಮ್ಮವ್ವ ಹಾಸಿಗಿ ಎತ್ತಿಕೊಂಡು ಮನೀ ತುಂಬ ತಿರಗಾಡತಿದ್ಲು. ನಮ್ಮಪ್ಪ ಸಿಮೆಂಟ್ ಮಾಡಿಸಿದ ನೋಡ್ರಿ, ಅವತ್ತಿನಿಂದ ಒಂದು ಹನಿ ಒಳಗ ಬರಲಿಲ್ಲ. ಓಣಿ ಮಂದಿ ಎಲ್ಲಾ ಬಂದು ಗ್ವಾಡಿ ಮುಟ್ಟಿ ಹೋದ್ರು."

"ಅದು ಹುಬ್ಬಳ್ಳಿ. ಅಲ್ಲಿ ಬಿಸಿಲಿದೆ."

"ಗ್ವಾಡಿ ಎಲ್ಲಿದ್ರೂ ಗ್ವಾಡಿನ. ಗಟ್ಟಿ ಮಾಡಿಬಿಡೂಣು, ಮುಗೀತು."

ಅದು ಅವರ ಮಾತು. ಗಟ್ಟಿ ಮಾಡಿಬಿಡೂಣು. ಬಾಗಿಲ ಕೀಲು ಸಡಿಲವಾದರೂ ಅದೇ, ಹುಡುಗರು ಪರೀಕ್ಷೆಗೆ ಹೆದರಿದರೂ ಅದೇ. ನಮ್ಮ ವಯಸ್ಸಿನವರಿಗೆ ಸಿಮೆಂಟು ಎಂದರೆ ಏನು ಎಂಬುದು ನನಗೂ ಗೊತ್ತು. ಅದು ಬಂದ ಮನೆಗೆ ಮರ್ಯಾದೆ ಬಂದ ಹಾಗೆ. ಇಂಗ್ಲೆಂಡಿನವನಾಗಿದ್ದರೆ ಆ ಕೆಲಸ ಮಾಡುವ ಮುಂಚೆ ಯಾರನ್ನಾದರೂ ಕೇಳುತ್ತಿದ್ದನೇನೋ. ಡಾಕ್ಟರು ಕೇಳಲಿಲ್ಲ, ಅವರಿಗೆ ಅನುಮಾನವೇ ಇರಲಿಲ್ಲ. ನನಗೂ ಸಿಟ್ಟು ಬಂತು. ಹೆಬ್ಬೆಟ್ಟಿನವಳ ಮಾತು ಎಂದುಕೊಂಡರಲ್ಲ, ಹಾಳಾಗಲಿ ಎಂದು ಸುಮ್ಮನಾದೆ.

ಎರಡನೇ ವರ್ಷ ಗೋಡೆ ಮಾತಾಡಿತು. ಆಕೆಗೆಂದು ಮೀಸಲಿಟ್ಟಿದ್ದ ಕೋಣೆಯ ಮೂಲೆಯಲ್ಲಿ, ಮಂಚದ ಹಿಂದೆ, ಕರೀ ಚುಕ್ಕೆ. ನಾವು ಕಾರಿನಿಂದ ಇಳಿಯುತ್ತಿದ್ದ ಹಾಗೆ ಡಾಕ್ಟರು ಮೊದಲು ಓಡಿಹೋಗಿ ಅದನ್ನು ಬ್ಲೀಚಿನಲ್ಲಿ ಒರೆಸುತ್ತಿದ್ದರು. ವಾಸನೆ ಕಾಡಿನ ತನಕ ಬರುತ್ತಿತ್ತು. ಆಮೇಲೆ ಇನ್ನೊಂದು ಕೈ ಸಿಮೆಂಟು, ಇನ್ನೊಂದು ಕೈ ಬಣ್ಣ. ತಣ್ಣನೆ ಗಾಳಿ ಬರುತ್ತದೆ ಎಂದು ಒಲೆಯ ಚಿಮಣಿಗೆ ಹಲಗೆ ಹೊಡೆದು ಮುಚ್ಚಿದರು. ಕಿಟಕಿಯ ಸಂದಿಗೆಲ್ಲ ಅಂಟು ತುಂಬಿದರು. ಇದ್ದ ಒಂದಿಷ್ಟು ಗಾಳಿಯೂ ಹೋಯಿತು. ಅವರು ಮಾಡಿದ ಕೆಲಸ ಮಾತ್ರ ಬಲು ಅಚ್ಚುಕಟ್ಟು. ಕೂದಲೆಳೆಯಷ್ಟು ಸಂದು ಬಿಡುತ್ತಿರಲಿಲ್ಲ.

ಆ ವರ್ಷ ಒಂದು ಮಧ್ಯಾಹ್ನ ಡಾಕ್ಟರು ಅಲ್ಲಿಗೆ ಹೋಗಿದ್ದಾಗ ನಾನು ಸೊಲಿಹಲ್‌ನ ಮನೆಗೆ ಹೋಗಿ ಆಕೆಯ ಹತ್ತಿರ ಕೂತೆ. ಮೂಗಿಗೆ ಆಕ್ಸಿಜನ್ ನಳಿಕೆ, ಮಡಿಲಲ್ಲಿ ಬಟಾಣಿ. ಸುಲಿಯುತ್ತಿದ್ದರು. ನಾಲ್ಕು ಕಾಯಿ ಸುಲಿದು ನಿಲ್ಲಿಸಿ ಉಸಿರು ತೆಗೆದುಕೊಂಡು ಮತ್ತೆ ನಾಲ್ಕು.

"ನೋಡಮ್ಮ," ಎಂದೆ. "ನಿನ್ನ ಗಂಡ ಮಾಡ್ತಿರೋದು ತಪ್ಪು ಕೆಲಸ. ಆ ಮನೆ ಒಣಗಲ್ಲ. ಇನ್ನೂ ಹಾಳಾಗುತ್ತೆ. ನನ್ನ ಮಾತು ಅವರು ಕೇಳಲ್ಲ, ನೀನು ಹೇಳು."

"ಗೊತ್ತು ಅಮ್ಮ."

"ಏನು ಗೊತ್ತು?"

"ಆ ಊರಲ್ಲಿ ಕಲ್ಲುಗೋಡೆ ಕಟ್ಟೋ ಒಬ್ಬರು ಮುದುಕರಿದ್ದಾರೆ. ಹೋದ ವರ್ಷಾನೇ ನನಗೆ ಫೋನ್ ಮಾಡಿ ಹೇಳಿದ್ರು. ಸುಣ್ಣಕ್ಕೆ ಸುಣ್ಣಾನೇ ಹಾಕಬೇಕು, ನಿಮ್ಮವರಿಗೆ ಹೇಳಿ ಅಂತ."

"ಹೇಳಿದ್ಯಾ?"

"ಇಲ್ಲ."

ನನಗೆ ಆಕೆಯ ಕೈಯಿಂದ ಬಟಾಣಿ ಕಿತ್ತುಕೊಂಡು ಬಿಸಾಡುವಷ್ಟು ಸಿಟ್ಟು ಬಂತು. "ನೀನು ಹೋಗಿ ಇರಬೇಕಾದ ಮನೆ ಕಣಮ್ಮ ಅದು!"

"ನಾನು ಹೋಗಲ್ಲ ಅಮ್ಮ. ಒಣಗಿದ್ರೂ ಹೋಗೋಕಾಗಲ್ಲ. ಅಷ್ಟು ದಿನ ಇಲ್ಲ ನನಗೆ." ಆಕೆ ಉಸಿರಿಗೆ ನಿಂತರು. "ನನ್ನ ಎದೆಗೆ ಮಾಡೋಕೆ ಇನ್ನೇನೂ ಇಲ್ಲ ಅಂತ ಅವರಿಗೆ ನನಗಿಂತ ಚೆನ್ನಾಗಿ ಗೊತ್ತು. ಇಲ್ಲಿ ಕೂತ್ರೆ ನನ್ನ ಉಸಿರು ಎಣಿಸ್ತಾ ಕೂತಿರ್ತಾರೆ. ಮುಖ ನೋಡೋಕಾಗಲ್ಲ. ಆ ಗೋಡೆ ಇದ್ರೆ ಬೆಳಗ್ಗೆ ಎದ್ದು ಶೂ ಹಾಕ್ಕೊಂಡು ಹೋಗ್ತಾರೆ, ಸಾಯಂಕಾಲ ಹಸ್ಕೊಂಡು ಬರ್ತಾರೆ. ತಪ್ಪು ಅಂತ ಗೊತ್ತಾದ್ರೆ ಅದೂ ಹೋಗುತ್ತೆ. ನೀವೂ ಹೇಳಬೇಡಿ. ನನಗೆ ಮಾತು ಕೊಡಿ."

ನಾನು ವಾದ ಮಾಡಿದೆ. ಸುಳ್ಳಿನ ಮೇಲೆ ಒಬ್ಬರನ್ನು ದುಡಿಸುವುದು ಯಾವ ನ್ಯಾಯ ಎಂದು ಕೇಳಿದೆ. ಆಕೆ ಉತ್ತರ ಕೊಡಲಿಲ್ಲ, ಕೊಡಲು ಉಸಿರಿರಲಿಲ್ಲ. ಉಸಿರಿಲ್ಲದವಳ ಜೊತೆ ಎಷ್ಟು ಹೊತ್ತು ಜಗಳವಾಡುವುದು? ಆಯಿತು ಎಂದೆ. ಉಳಿದ ಬಟಾಣಿ ನಾನೇ ಸುಲಿದು ಕೊಟ್ಟೆ.

ಅಲ್ಲಿಂದ ಮುಂದೆ ಭಾನುವಾರಗಳು ನನಗೆ ಕಷ್ಟವಾದವು. ಡಾಕ್ಟರು ಮಂಡಿಯೂರಿ ಕೂತು ಸಿಮೆಂಟು ಕಲಸುವುದನ್ನು ನೋಡುತ್ತಾ ನಾನು ಸೌದೆ ಜೋಡಿಸುತ್ತಿದ್ದೆ. "ಈ ಅಕ್ಟೋಬರಕ್ಕ ಮುಗೀತದ ಅವ್ವಾರ," ಎನ್ನುತ್ತಿದ್ದರು. ಅಕ್ಟೋಬರ್ ಕಳೆದ ಮೇಲೆ, "ಬರೂ ಅಕ್ಟೋಬರಕ್ಕ." ಸಿಮೆಂಟು ತಿಂದು ಅವರ ಬೆರಳ ತುದಿ ಬಿರಿದು ರಕ್ತ ಬರುತ್ತಿತ್ತು. ನಾನು ಕೊಬ್ಬರಿ ಎಣ್ಣೆ ಹಚ್ಚಿಕೊಳ್ಳಿ ಎಂದು ಕೊಟ್ಟೆ. ಕೊಡಬಹುದಾಗಿದ್ದದ್ದು ಅಷ್ಟೇ.

ಮೂರನೇ ವರ್ಷ ಎಲೆ ಪೂರ್ತಿ ಕೆಂಪಾದಾಗ ಆಕೆ ತಾನೂ ಬರುತ್ತೇನೆ ಎಂದರು. ಮಗಳು ರಜ ಹಾಕಿದಳು, ಕಾರಿನಲ್ಲಿ ಎರಡು ಆಕ್ಸಿಜನ್ ಸಿಲಿಂಡರು ಇಟ್ಟುಕೊಂಡೆವು. ಮನೆಯ ಮುಂದಿನ ದೊಡ್ಡ ಮರದ ಕೆಳಗೆ ಕುರ್ಚಿ ಹಾಕಿ, ಎರಡು ಕಂಬಳಿ ಹೊದಿಸಿ ಕೂರಿಸಿದೆವು. ಎಲೆ ಆಕೆಯ ತಲೆ ಮೇಲೆ, ಮಡಿಲ ಮೇಲೆ ಬೀಳುತ್ತಿದ್ದವು. ಆಕೆ ತೆಗೆಯಲಿಲ್ಲ. ಒಂದು ಗಂಟೆ ಹಾಗೇ ಕೂತಿದ್ದರು. ಚೆನ್ನಾಗಿದ್ದರು ಆ ಒಂದು ಗಂಟೆ.

ಡಾಕ್ಟರಿಗೆ ತಡೆಯಲಾಗಲಿಲ್ಲ. "ಒಂದೇ ನಿಮಿಷ ಒಳಗ ಬಂದು ನೋಡು," ಎಂದು ಕೈ ಹಿಡಿದು ಎಬ್ಬಿಸಿದರು. ನಾನು ಸಿಲಿಂಡರು ಹಿಡಿದುಕೊಂಡು ಹಿಂದೆ ಹೋದೆ. ಕೋಣೆಗೆ ತಿಳಿ ಹಳದಿ ಬಣ್ಣ ಹೊಡೆದಿದ್ದರು. ಆಕೆಗೆ ಹಳದಿ ಇಷ್ಟವಂತೆ. ಡಾಕ್ಟರು ಗೋಡೆಯ ಮೇಲೆ ಬೆರಳಿಟ್ಟು ಬಡಿದರು.

"ಕೇಳು. ಗಟ್ಟಿ. ಒಣಗೇದ."

"ಹೂಂ, ಒಣಗಿದೆ," ಎಂದರು ಆಕೆ.

ನಾನು ಅಂಗೈಯನ್ನು ಗೋಡೆಗೆ ಒತ್ತಿ ನಿಂತಿದ್ದೆ. ತಣ್ಣಗೆ, ಜ್ವರ ಬಿಟ್ಟವರ ಬೆನ್ನಿನ ಹಾಗೆ ಬೆವರಿತ್ತು. ಡಾಕ್ಟರು ನನ್ನ ಕಡೆ ತಿರುಗಿದರು. "ಏನಂತೀರಿ ಅವ್ವಾರ? ಗಾರೀ ಕೆಲಸದವರ ಮಗಳು ನೀವು."

ಆಕೆ ನನ್ನನ್ನೇ ನೋಡುತ್ತಿದ್ದರು.

"ಬಣ್ಣ ಚೆನ್ನಾಗಿದೆ," ಎಂದೆ.

ಡಾಕ್ಟರ ಮುಖ ಅರಳಿತು. ಮೂರು ವರ್ಷದಲ್ಲಿ ನಾನು ಆ ಮನೆಯನ್ನು ಹೊಗಳಿದ್ದು ಅದೊಂದೇ ಸಲ. ಹೊರಗೆ ಬಂದು ಕುರ್ಚಿ ಸೇರುವಷ್ಟರಲ್ಲಿ ಆಕೆಗೆ ಕೆಮ್ಮು ಹತ್ತಿತು. ನಿಲ್ಲಲು ಅರ್ಧ ಗಂಟೆಯಾಯಿತು. ಹೊಸ ಬಣ್ಣದ ವಾಸನೆ ಎಂದರು ಡಾಕ್ಟರು.

ಆ ಚಳಿಗಾಲದಲ್ಲಿ ಆಕೆ ಹೋದರು, ಆಸ್ಪತ್ರೆಯಲ್ಲಿ. ಡಾಕ್ಟರು ಆಗ ಪಕ್ಕದಲ್ಲೇ ಇದ್ದರು, ಅದನ್ನೂ ಹೇಳಬೇಕು. ಆಮೇಲೆ ಎಂಟು ತಿಂಗಳು ಅವರು ಬೆಟ್ಟದ ಕಡೆ ಹೋಗಲಿಲ್ಲ. ಹುಡುಗರು ಫೋನು ಮಾಡಿದರೆ ಮಂಡಿ ನೋವು ಎನ್ನುತ್ತಿದ್ದರು.

ಮತ್ತೆ ಅಕ್ಟೋಬರ್ ಬಂತು. ಒಂದು ದಿನ ನಮ್ಮ ಮನೆಯ ಮುಂದೆ ಕಾರು ನಿಲ್ಲಿಸಿ, "ಬರ್ತೀರೇನು ಅವ್ವಾರ? ಮನಿ ಮಾರಬೇಕಂತ ಮಾಡೇನಿ. ನೋಡಾಕ ಒಬ್ಬಾಂವ ಬರಾಂವ ಇದ್ದಾನ," ಎಂದರು. ಮೊಮ್ಮಗ ಶಾಲೆಗೆ ಹೋಗಿದ್ದ, ಮಗಳು ಮನೆಯಲ್ಲಿದ್ದಳು. ಹೋದೆ. ಬಾಗಿಲು ತೆಗೆದರೆ ವಾಸನೆ ಮುಖಕ್ಕೆ ಹೊಡೆಯಿತು. ಹಳದಿ ಬಣ್ಣ ಅಂಗೈಯಗಲದ ಗುಳ್ಳೆಗಳಾಗಿ ಎದ್ದಿತ್ತು. ಮಂಚದ ಹಿಂದಿನ ಮೂಲೆ ಪೂರ್ತಿ ಕಪ್ಪು.

ಮನೆ ಪರೀಕ್ಷೆ ಮಾಡುವ ಆ ಇಂಗ್ಲಿಷ್ ಹುಡುಗ ತೇವ ಅಳೆಯುವ ಒಂದು ಮಿಷನ್ನನ್ನು ಗೋಡೆಗೆ ಒತ್ತಿ ಒತ್ತಿ ನೋಡಿದ. ಆಮೇಲೆ ಡಾಕ್ಟರಿಗೆ ಮೆಲ್ಲಗೆ, ಬಹಳ ಮರ್ಯಾದೆಯಿಂದ ಏನೋ ಹೇಳಿದ. ಆ ಮಾತಿನಲ್ಲಿ ಸಿಮೆಂಟ್ ಎಂಬ ಶಬ್ದ ನಾಲ್ಕೈದು ಸಲ ಬಂತು. ಅಷ್ಟು ನನಗೂ ತಿಳಿಯಿತು. ಅವನು ಹೋದ ಮೇಲೆ ಡಾಕ್ಟರು ಬಾಗಿಲ ಮೆಟ್ಟಿಲ ಮೇಲೆ ಕೂತು ಶೂ ದಾರ ಬಿಚ್ಚಲು ನೋಡಿದರು. ಗಂಟು ಬಿಚ್ಚಿಕೊಳ್ಳಲಿಲ್ಲ. ಬಿಟ್ಟರು.

"ನೀವು ಮೊದಲನೇ ವರ್ಷನ ಹೇಳಿದ್ರಿ."

"ಹೇಳಿದ್ದೆ."

"ಆಮ್ಯಾಲ ಯಾಕ ಹೇಳಲಿಲ್ಲ?"

ಮಾತು ತೆಗೆದುಕೊಂಡವಳು ಹೋಗಿ ಎಂಟು ತಿಂಗಳಾಗಿತ್ತು. ಸತ್ತವರಿಗೆ ಕೊಟ್ಟ ಮಾತನ್ನು ಎಷ್ಟು ದಿನ ಇಟ್ಟುಕೊಳ್ಳಬೇಕು ಎಂದು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ. ನನ್ನ ಕಣ್ಣು ಆಕೆಯ ಹಳದಿ ಕೋಣೆಯ ಕಡೆ ಹೋಯಿತು. ಅವರು ತಲೆ ಎತ್ತಿ ನೋಡಿದರು. ದಡ್ಡರಲ್ಲ ಅವರು.

"ಆಕಿಗೆ ಗೊತ್ತಿತ್ತೇನು?"

ಇಲ್ಲ ಎನ್ನಬಹುದಿತ್ತು. ಮಗಳು ಈಗಲೂ ಅದನ್ನೇ ಹೇಳುತ್ತಾಳೆ, ಅಮ್ಮ ನೀನು ಇಲ್ಲ ಅಂದಿದ್ದರೆ ಏನಾಗ್ತಿತ್ತು ಎಂದು. ಆ ಹಳದಿ ಗೋಡೆಯ ಮುಂದೆ ಒಂದು ಸಲ ಸುಳ್ಳು ಹೇಳಿದ್ದೆ. ಎರಡನೆಯದಕ್ಕೆ ಬಾಯಿ ಬರಲಿಲ್ಲ.

"ಗೊತ್ತಿತ್ತು. ಮೊದಲಿಂದಲೂ. ನೀವು ಮಾಡ್ಲಿ ಅಂತ ಸುಮ್ಮನಿದ್ಲು. ನಿಮಗೆ ಮಾಡೋಕೆ ಒಂದು ಕೆಲಸ ಇರಲಿ ಅಂತ."

ಡಾಕ್ಟರು ತಮ್ಮ ಬೆರಳುಗಳನ್ನು ನೋಡಿಕೊಂಡರು. ಬಿರುಕೆಲ್ಲ ಮಾಯ್ದಿತ್ತು. ಕಾಡಿನ ಕಡೆಯಿಂದ ಗಾಳಿ ಬಂದು ಮೆಟ್ಟಿಲ ತುಂಬ ಎಲೆ ಹಾಕಿತು.

"ಅವತ್ತೇ ಹೇಳಿದ್ರೆ ಏನ್ ಮಾಡ್ತಿದ್ರಿ?" ಎಂದು ನಾನೇ ಕೇಳಿದೆ. ಸುಣ್ಣ ತರಿಸುತ್ತಿದ್ದೆ ಎನ್ನುತ್ತಾರೆ ಎಂದುಕೊಂಡಿದ್ದೆ.

ಡಾಕ್ಟರು ಮೆಟ್ಟಿಲ ಮೇಲಿನ ಒಂದು ಎಲೆ ಎತ್ತಿ ಪಕ್ಕಕ್ಕಿಟ್ಟರು. "ಮನ್ಯಾಗ ಇರ್ತಿದ್ದೆ ಅವ್ವಾರ. ಆಕಿ ಬಾಜೂಕ ಕುಂದರತಿದ್ದೆ. ಮೂರು ವರ್ಷ."

ಆಕೆ ಮಾಡಿದ್ದು ಅವರಿಗಾಗಿ. ಅವರು ಮಾಡಿದ್ದು ಆಕೆಗಾಗಿ. ನಾನು ಇಬ್ಬರ ನಡುವೆ ಸೌದೆ ಜೋಡಿಸುತ್ತಾ ನಿಂತಿದ್ದೆ. ಅವರು ಎದ್ದು ಬಾಗಿಲಿಗೆ ಬೀಗ ಹಾಕಿ ಕಾರು ತೆಗೆದರು. ಸೊಲಿಹಲ್ ಬರುವ ತನಕ ಅಳಲಿಲ್ಲ, ಬೈಯಲಿಲ್ಲ. ನನ್ನನ್ನು ಇಳಿಸುವಾಗ, "ಮೆಟ್ಟಿಲ ನೋಡ್ಕೊಂಡು ಹೋಗ್ರಿ, ಜಾರತಾವ," ಎಂದರು. ಅಷ್ಟೇ.

ಮಾರನೇ ದಿನ ಬೆಳಿಗ್ಗೆ ಮೊಮ್ಮಗ ಏಳುವ ಮುಂಚೆ ಕೋಟು ಹಾಕಿಕೊಂಡು ಎರಡು ರಸ್ತೆ ನಡೆದು ಡಾಕ್ಟರ ಮನೆಯ ಗಂಟೆ ಒತ್ತಿದೆ. ಬಾಗಿಲು ತೆಗೆದರು. ನಿನ್ನೆಯ ಬಟ್ಟೆಯಲ್ಲೇ ಇದ್ದರು, ಕಾಲಲ್ಲಿ ಅದೇ ಶೂ.

"ತಪ್ಪಾಯ್ತು ಡಾಕ್ಟ್ರೇ," ಎಂದೆ. ನನ್ನ ಗಂಡನಿಗೂ ನಾನು ಆ ಮಾತು ಹೇಳಿದವಳಲ್ಲ.

"ಯಾರದು ತಪ್ಪು?" ಎಂದು ಕೇಳಿದರು.

ನಿಜವಾಗಿ ಕೇಳುತ್ತಿದ್ದರು. ಅವರನ್ನು ದಾಟಿಕೊಂಡು ಅಡುಗೆಮನೆಗೆ ಹೋದೆ. ಸಿಂಕಿನಲ್ಲಿ ಮೂರು ದಿನದ ಪಾತ್ರೆ ಬಿದ್ದಿತ್ತು. ಸೆರಗು ಸಿಕ್ಕಿಸಿಕೊಂಡು ತೊಳೆದೆ, ಒರೆಸಿ ಕವುಚಿ ಹಾಕಿದೆ. ಮೊಮ್ಮಗನನ್ನು ಶಾಲೆಗೆ ಕಳಿಸುವ ಹೊತ್ತಾಗಿತ್ತು. ಮನೆಗೆ ಬಂದೆ.